ಎರಡು ದಿನ ಮುಂದಿದ್ದ ಟ್ರೆಗಾಸ್ಕಿಸ್

ಹಳೇ ಜೈಲಿನ ಹಿಂಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಲ್ಲು ಸಡಿಲವಾಗಿತ್ತು. ಡಿಗೊರಿ ಟ್ರೆಗಾಸ್ಕಿಸ್ ಅದನ್ನು ಮೆಲ್ಲಗೆ ಈಚೆಗೆಳೆದು, ಸಂದಿಯೊಳಗೆ ಕೈ ತೂರಿಸಿ, ಅಂಗೈಯಗಲದ ತಗಡಿನ ಡಬ್ಬಿಯೊಂದನ್ನು ಹೊರತೆಗೆದ. ಇದು ಮೂರನೆಯದು. ಖುಷಿಯಿಂದ ಮುಚ್ಚಳ ಬಿಚ್ಚಿ, ಒಳಗಿದ್ದ ಕಾಗದದ ಸುರುಳಿ ಬಿಡಿಸಿ, ಹೆಸರು ಬರೆಯಲು ಜೇಬಿನಿಂದ ಪೆನ್ಸಿಲ್ ತೆಗೆದವನು ಹಾಗೇ ನಿಂತುಬಿಟ್ಟ.

ಕಾಗದದ ಕೊನೆಯ ಸಾಲಿನಲ್ಲಿ ಅವನ ಹೆಸರು ಆಗಲೇ ಇತ್ತು. ಡಿಗೊರಿ ಟ್ರೆಗಾಸ್ಕಿಸ್. ದೊಡ್ಡಕ್ಷರಗಳಲ್ಲಿ, ಪೆನ್ಸಿಲಿನಲ್ಲಿ, ಅವನು ಬರೆಯುವ ಹಾಗೆಯೇ ಪೂರ್ತಿ ಹೆಸರು. ಪಕ್ಕದಲ್ಲಿ ಭಾನುವಾರದ ತಾರೀಖು. ಇವತ್ತು ಮಂಗಳವಾರ.

ಈ ಆಟ ಅವನಿಗೆ ಹೊಸದು. ಎರಡು ತಿಂಗಳ ಹಿಂದೆ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ದಿನಾ ನಡೆಯಬೇಕೆಂದು ಆಸ್ಪತ್ರೆಯವರು ತಾಕೀತು ಮಾಡಿದ್ದರು. ಸುಮ್ಮನೆ ನಡೆಯುವುದೆಂದರೆ ಡಿಗೊರಿಗೆ ಆಗದು. ನಲವತ್ತು ವರ್ಷ ಮೆಲ್ಬರ್ನ್ ಸೀಮೆಯ ಕುರಾಬಿನ್ ಊರಿನಲ್ಲಿ ನೀರಿನ ಮೀಟರ್ ಓದುತ್ತಾ ನಡೆದವನು. ಹೆಜ್ಜೆ ಹಾಕಿದರೆ ಕೊನೆಗೊಂದು ಮೀಟರಾದರೂ ಇರಬೇಕು. ಅದಕ್ಕೇ ಹೆಂಡತಿ ಥೆಲ್ಮಾ ಅವನ ಫೋನಿಗೆ ಜಿಯೋಕ್ಯಾಶಿಂಗ್ ಹಾಕಿಕೊಟ್ಟಿದ್ದಳು. ಯಾರೋ ಎಲ್ಲೋ ಒಂದು ಡಬ್ಬಿ ಅಡಗಿಸಿಡುತ್ತಾರೆ, ಜಾಗದ ಅಂಕಿಗಳನ್ನು ಫೋನು ತೋರಿಸುತ್ತದೆ, ಹುಡುಕಿ ತೆಗೆದು ಒಳಗಿನ ಕಾಗದದಲ್ಲಿ ಹೆಸರು ಬರೆದು ಮತ್ತೆ ಇದ್ದಲ್ಲೇ ಇಡಬೇಕು. ಅಷ್ಟೇ. ಕುರಾಬಿನ್‌ನಲ್ಲಿ ಅಂಥ ಐದು ಡಬ್ಬಿಗಳ ಸಾಲೊಂದಿತ್ತು. ಮುತ್ತಜ್ಜನ ಕಾಲದಲ್ಲಿ ಡರ್ಮಡಿ ಅಣ್ಣತಮ್ಮಂದಿರೆಂಬ ದರೋಡೆಕೋರರು ಬ್ಯಾಂಕ್ ದೋಚಿ ಓಡಿದ ದಾರಿಯುದ್ದಕ್ಕೂ ಒಂದೊಂದು. ಮೊದಲೆರಡನ್ನು ಅವನು ಹಿಂದಿನ ವಾರವೇ ಹುಡುಕಿದ್ದ.

ಆದರೆ ಭಾನುವಾರ? ಭಾನುವಾರ ಥೆಲ್ಮಾ ತಂಗಿಯನ್ನು ನೋಡಲು ಬೆನಲ್ಲಾಕ್ಕೆ ಹೋಗಿದ್ದಳು. ಅವನು ಒಬ್ಬನೇ ಮನೆಯಲ್ಲಿ ಫುಟ್‌ಬಾಲ್ ನೋಡುತ್ತಾ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಎದ್ದಾಗ ಪಂದ್ಯ ಮುಗಿದಿತ್ತು. ಬೂಟಿಗೆ ಕೆಸರು ಮೆತ್ತಿತ್ತು ಅನ್ನುವುದೂ ಈಗ ನೆನಪಾಯಿತು. ಕೋಳಿಗಳಿಗೆ ಕಾಳು ಹಾಕಲು ಹೋಗಿದ್ದರಿಂದ ಇರಬೇಕು ಅಂದುಕೊಂಡಿದ್ದ. ಇರಬೇಕು.

ಅವನು ಆ ಹೆಸರಿನ ಕೆಳಗೆ ಇನ್ನೊಮ್ಮೆ ತನ್ನ ಹೆಸರು ಬರೆದ. ಎರಡನ್ನೂ ಹೋಲಿಸಿ ನೋಡಿದ. ದೊಡ್ಡಕ್ಷರ ಯಾರು ಬರೆದರೂ ಒಂದೇ ಥರ ಕಾಣುತ್ತದೆ ಎಂದು ತನಗೇ ಹೇಳಿಕೊಂಡು ಕಲ್ಲು ಮುಚ್ಚಿದ.

ಇದು ನೆವ್ ಹಾರ್ಗ್ರೀವ್‌ನ ಕಿತಾಪತಿಯೇ ಸರಿ ಎಂದು ಮಧ್ಯಾಹ್ನ ಅವನಿಗೆ ಖಾತ್ರಿಯಾಯಿತು. ನೆವ್ ಬೌಲಿಂಗ್ ಕ್ಲಬ್ಬಿನ ಗೆಳೆಯ, ಹುಟ್ಟಾ ಕೀಟಲೆಗಾರ. ಡಿಗೊರಿ ಕ್ಲಬ್ಬಿಗೆ ಹೋದಾಗ ಅವನು ಬಿಯರ್ ಹಿಡಿದು ಕೂತಿದ್ದ.

"ಜೈಲಿನ ಗೋಡೇಲಿ ನನ್ನ ಹೆಸರು ಬರೆದದ್ದು ನೀನು ತಾನೆ?"

"ಜೈಲಿನ ಗೋಡೇಲಾ? ನಿನ್ನ ಹೆಸರು ಅಲ್ಲಿ ಬರೆಯೋಕೆ ನಾನ್ಯಾಕೆ ಬೇಕು ಮಾರಾಯ, ಡರ್ಮಡಿಗಳಿಗೆ ಊಟ ಹಾಕಿದ ನಿಮ್ಮ ವಂಶಕ್ಕೆ ಅದು ತವರು ಮನೆ ಅಲ್ವಾ!" ನೆವ್ ಹೊಟ್ಟೆ ಕುಲುಕಿಸಿ ನಕ್ಕ.

"ತಮಾಷೆ ಬಿಡು. ಡಬ್ಬಿ ಒಳಗಿನ ಕಾಗದದಲ್ಲಿ."

"ಯಾವ ಡಬ್ಬಿ?" ನೆವ್‌ನ ಮುಖ ನಿಜವಾಗಿಯೂ ಖಾಲಿಯಾಗಿತ್ತು. "ಡಿಗ್, ನನ್ನ ಮನೆ ಗೇಟು ಬಗ್ಗಿ ತೆಗೆಯೋಕೇ ನನಗೆ ಆಗ್ತಿಲ್ಲ. ಊರೆಲ್ಲ ಸುತ್ತಿ ಡಬ್ಬಿ ಹುಡುಕ್ತೀನಾ ನಾನು?"

ಅದೂ ನಿಜವೇ.

ಮರುದಿನ ಬುಧವಾರ ಅವನು ನಾಲ್ಕನೇ ಡಬ್ಬಿಗೆ ಹೋದ. ಅದು ತೊರೆಯ ಮೇಲಿನ ಕಲ್ಲುಸೇತುವೆಯ ಕೆಳಗೆ, ಡರ್ಮಡಿಗಳು ಕುದುರೆಗಳನ್ನು ನೀರಿಗಿಳಿಸಿ ಹೆಜ್ಜೆಗುರುತು ಅಳಿಸಿದರೆಂದು ಹೇಳುವ ಕಡೆ. ವಾಟಲ್ ಮರಗಳು ಹಳದಿ ಹೂವಿನಿಂದ ತುಂಬಿಕೊಂಡಿದ್ದವು. ಹೊಸ ಮಂಡಿಯ ಮೇಲೆ ಭಾರ ಹಾಕದೆ ಕುಂಡೆಯೂರಿ ಜಾರುತ್ತಾ ಇಳಿದು, ಡಬ್ಬಿ ತೆಗೆದು, ಕಾಗದ ಬಿಡಿಸಿದ. ಡಿಗೊರಿ ಟ್ರೆಗಾಸ್ಕಿಸ್. ಸೋಮವಾರ.

ಇಂಥ ಹೆಸರು ಇನ್ನೊಬ್ಬರಿಗೆ ಇರುವುದು ಸಾಧ್ಯವೇ ಇರಲಿಲ್ಲ. ಸಮುದ್ರದಾಚೆಯ ಕಾರ್ನ್‌ವಾಲಿನ ಗಣಿ ಕೆಲಸಗಾರರು ತಂದ ಹಳೇ ಹೆಸರು ಅದು. ಶಾಲೆಯಲ್ಲಿ, ಚರ್ಚಿನಲ್ಲಿ, ಇಡೀ ಜಿಲ್ಲೆಯ ಫೋನ್ ಪುಸ್ತಕದಲ್ಲಿ ಅವನೊಬ್ಬನೇ ಡಿಗೊರಿ. ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತು ಅಮ್ಮನನ್ನು ನೆನೆದ. ಅಮ್ಮನಿಗೆ ಎಪ್ಪತ್ತಮೂರನೇ ವಯಸ್ಸಿನಲ್ಲಿ ಮರೆವಿನ ಕಾಯಿಲೆ ಶುರುವಾಗಿತ್ತು. ಮೊದಲು ಟೀ ಕೆಟಲನ್ನು ಫ್ರಿಜ್ಜಿನಲ್ಲಿಟ್ಟಳು, ಆಮೇಲೆ ಗಂಡನ ಹೆಸರು ಮರೆತಳು. ಡಿಗೊರಿಗೆ ಮುಂದಿನ ಏಪ್ರಿಲ್‌ಗೆ ಎಪ್ಪತ್ತಮೂರು ತುಂಬುತ್ತಿತ್ತು.

ಥೆಲ್ಮಾಗೆ ಏನೂ ಹೇಳಲಿಲ್ಲ. ರಾತ್ರಿಯ ಊಟಕ್ಕೆ ಕೂತಾಗ ಬೀದಿಯ ಮನೆಗಳ ಹಳೇ ಮೀಟರ್ ಸಂಖ್ಯೆಗಳನ್ನು ಮನಸ್ಸಿನಲ್ಲೇ ಹೇಳಿಕೊಂಡ. ಎಲ್ಲ ನೆನಪಿದ್ದವು. ಆದರೆ ಭಾನುವಾರ ನೆನಪಿರಲಿಲ್ಲ.

ಗುರುವಾರ ಬೆಳಿಗ್ಗೆ ಫೋನ್ ಬಂತು. ಪ್ರವಾಸಿಗರು ಗಾಡಿಮನೆ ನಿಲ್ಲಿಸಿಕೊಂಡು ತಂಗುವ ಊರಾಚೆಯ ಕ್ಯಾರವಾನ್ ಪಾರ್ಕಿನಿಂದ ಯಾರೋ ಹುಡುಗಿ, ಕೆಲಸಕ್ಕೆ ಹೊಸಬಳು.

"ಮಿಸ್ಟರ್ ಟ್ರೆಗಾಸ್ಕಿಸ್? ಡಿಗೊರಿ ಟ್ರೆಗಾಸ್ಕಿಸ್ ತಾನೆ? ಬಟ್ಟೆ ಒಗೆಯೋ ಕೋಣೇಲಿ ನಿಮ್ಮ ಕನ್ನಡಕ ಬಿಟ್ಟಿದ್ರಿ. ಕನ್ನಡಕದ ಗೂಡಿನ ಮೇಲೆ ಹೆಸರು ಬರೆದಿತ್ತು, ಫೋನ್ ಪುಸ್ತಕದಲ್ಲಿ ಹುಡುಕಿದೆ. ಬಂದು ತಗೊಂಡು ಹೋಗ್ತೀರಾ?"

ಅವನು ಜೀವಮಾನದಲ್ಲಿ ಕ್ಯಾರವಾನ್ ಪಾರ್ಕಿನಲ್ಲಿ ಬಟ್ಟೆ ಒಗೆದವನಲ್ಲ. ಹಾಗೆಂದು ಹೇಳಲು ಬಾಯಿ ತೆರೆದ. "ಬರ್ತೀನಮ್ಮ" ಎಂದುಬಿಟ್ಟ.

ಅವನು ಹೋದಾಗ ಹುಡುಗಿ ಇನ್ನೊಂದು ಫೋನಿನಲ್ಲಿ ಯಾರೊಡನೆಯೋ ಗ್ಯಾಸ್ ಸಿಲಿಂಡರ್ ವಿಷಯ ಮಾತಾಡುತ್ತಿದ್ದಳು. ಅವನ ಹೆಸರು ಕೇಳಿ, ಮಾತು ನಿಲ್ಲಿಸದೆ ಕನ್ನಡಕದ ಗೂಡನ್ನು ಮೇಜಿನ ಮೇಲೆ ತಳ್ಳಿ, "ಇದೇ ತಾನೆ?" ಎಂದು ಹುಬ್ಬಿನಲ್ಲೇ ಕೇಳಿದಳು. ಗೂಡಿನ ಮೇಲೆ ಪೆನ್ನಿನಲ್ಲಿ ಅವನ ಹೆಸರಿತ್ತು. ತನ್ನದನ್ನು ತೆಗೆದು, ಗೂಡು ಬಿಚ್ಚಿ ಆ ಕನ್ನಡಕ ಹಾಕಿಕೊಂಡ. ಗೋಡೆಯ ಮೇಲಿನ ನೋಟಿಸಿನ ಸಣ್ಣಕ್ಷರಗಳೆಲ್ಲ ನಿಚ್ಚಳವಾಗಿ ಕಂಡವು. ಅವನದೇ ಕನ್ನಡಕದಷ್ಟು ನಿಚ್ಚಳ. ಇಲ್ಲಿ ಇನ್ನೊಬ್ಬರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಆದರೆ ಅವನಿಗೆ ಕೇಳಲು ಹೆದರಿಕೆಯಾಯಿತು. "ಇಲ್ಲವಲ್ಲ, ನೀವೇ ಅಲ್ಲವೇ ಇದ್ದದ್ದು?" ಎಂದು ಅವಳು ಹೇಳಿಬಿಟ್ಟರೆ? ಕನ್ನಡಕ ಜೇಬಿಗಿಳಿಸಿ ಹೊರಬಿದ್ದ.

ಅವತ್ತು ಸಂಜೆ ಥೆಲ್ಮಾ ಅವನ ಕೋಟು ತೂಗುಹಾಕುವಾಗ ಗೂಡು ಕೈಗೆ ಸಿಕ್ಕಿತು.

"ಯಾರದಿದು? ನಿನ್ನ ಕನ್ನಡಕ ಮೂಗಿನ ಮೇಲಿದೆಯಲ್ಲ."

ಡಿಗೊರಿ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಥೆಲ್ಮಾ ಮೊದಲು ನಕ್ಕಳು. ಕೆಟಲಿನ ಮಾತು ಬಂದಾಗ ನಗು ನಿಂತಿತು. ಅವಳೇ ಅತ್ತೆಯನ್ನು ಆರು ವರ್ಷ ನೋಡಿಕೊಂಡವಳು.

"ನಾಳೆ ಡಾಕ್ಟರ್ ಹತ್ರ ಹೋಗೋಣ," ಎಂದಳು. "ಇಬ್ಬರೂ."

"ನೀನ್ಯಾಕೆ?"

"ನೀನು ಅಲ್ಲಿ ಹೋಗಿ ಮಂಡಿ ತೋರಿಸಿಕೊಂಡು ಬಂದುಬಿಡ್ತೀಯ. ನನಗೆ ಗೊತ್ತಿಲ್ವಾ ನಿನ್ನ ಬುದ್ಧಿ."

ಊರಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ವಿಜೆಸುಂದರ ಎಂಬಾಕೆ ಶ್ರೀಲಂಕಾದವರು, ಬಂದು ಒಂಬತ್ತು ವರ್ಷವಾಗಿತ್ತು. ಐದು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು. ಗಡಿಯಾರ ಬರೆಯಿಸಿದರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಡಿಗೊರಿ ತೊಂಬತ್ತಮೂರು, ಎಂಬತ್ತಾರು ಎಂದು ಶುರುಮಾಡಿ, ಸಾಕು ಸಾಕು ಎಂದರೂ ಬಿಡದೆ ಎರಡರವರೆಗೂ ಇಳಿದ. ಐದು ಪದವನ್ನೂ ಕೊನೆಯಿಂದ ಮೊದಲಿಗೆ ಹೇಳಿದ.

"ಈ ಕಟ್ಟಡದ ನೀರಿನ ಮೀಟರ್ ನಂಬರೂ ಹೇಳ್ಲಾ?"

"ಬೇಡ, ಅದು ಸರಿಯೋ ತಪ್ಪೋ ಅಂತ ನನಗೆ ಗೊತ್ತಾಗಲ್ಲ," ಎಂದು ಡಾಕ್ಟರ್ ನಕ್ಕರು. "ಮಿಸ್ಟರ್ ಟ್ರೆಗಾಸ್ಕಿಸ್, ನಿಮ್ಮ ತಲೆ ನನ್ನದಕ್ಕಿಂತ ಚೆನ್ನಾಗಿದೆ."

"ಹಾಗಿದ್ರೆ ನನ್ನ ಹೆಸರು ಬರೀತಿರೋರು ಯಾರು?"

"ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ."

ಹೊರಗೆ ಬಂದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ತಲೆ ಕೆಟ್ಟಿದೆ ಎಂದಿದ್ದರೆ ಎಲ್ಲಕ್ಕೂ ಒಂದು ಕಾರಣವಾದರೂ ಸಿಗುತ್ತಿತ್ತು. ಈಗ ತಲೆ ಸರಿಯಿದೆ, ಆದರೆ ಊರಿನಲ್ಲಿ ತನ್ನ ಹೆಸರು ಮಾತ್ರ ತನ್ನನ್ನು ಬಿಟ್ಟು ಓಡಾಡುತ್ತಿದೆ. ಥೆಲ್ಮಾ ಕಾರಿನ ಬೀಗ ತೆಗೆಯುತ್ತಾ ಕೇಳಿದಳು:

"ಐದನೇ ಡಬ್ಬಿ ಎಲ್ಲಿದೆ?"

"ನಮ್ಮ ಗುಡಿಸಲ ಹತ್ರ."

"ಹಾಗಾದ್ರೆ ನಾಳೆ ಅಲ್ಲೇ ಹೋಗಿ ಕೂರೋಣ. ಅವನು ಬರ್ಲಿ. ದೆವ್ವವಾದ್ರೂ ಸರಿ, ಕನ್ನಡಕ ಬೇಕಾದ ದೆವ್ವ ನಾನು ನೋಡಿಲ್ಲ."

ಟ್ರೆಗಾಸ್ಕಿಸ್ ಗುಡಿಸಲೆಂದರೆ ಈಗ ಉಳಿದಿರುವುದು ಕಲ್ಲಿನ ಒಲೆಗೂಡು, ಅರ್ಧ ಗೋಡೆ, ಸುತ್ತ ಹುಲ್ಲು. ಅದರೆದುರು ಪುರಸಭೆಯ ಫಲಕ: 'ಇಲ್ಲಿ ಸೈಲಸ್ ಟ್ರೆಗಾಸ್ಕಿಸ್ ಡರ್ಮಡಿ ಸೋದರರಿಗೆ ಊಟ ಕೊಟ್ಟು, ಹನ್ನೊಂದು ವಾರ ಅಡಗಿಸಿಟ್ಟಿದ್ದನು.' ಸೈಲಸ್ ಡಿಗೊರಿಯ ಮುತ್ತಜ್ಜ. ಫಲಕದ ಮಾತುಗಳನ್ನು ಬರೆದುಕೊಟ್ಟವನು ಡಿಗೊರಿಯೇ. ಬ್ಯಾಂಕ್ ದೋಚಿದ ಮೂವರು ಡರ್ಮಡಿಗಳು ಆ ಗುಡಿಸಲಲ್ಲಿದ್ದಾಗ, ೧೮೭೯ರ ಜುಲೈ ತಿಂಗಳ ಒಂದು ಮುಂಜಾವು ಪೊಲೀಸರು ನೇರ ಹಿಂಬಾಗಿಲಿಗೇ ಬಂದಿದ್ದರು. ಇಬ್ಬರು ಅಲ್ಲೇ ಸತ್ತರು, ಒಬ್ಬನನ್ನು ಮೆಲ್ಬರ್ನಿನಲ್ಲಿ ಗಲ್ಲಿಗೇರಿಸಿದರು. ಯಾರೋ ಹೇಳಿಕೊಟ್ಟಿದ್ದರು. ಯಾರೆಂಬುದು ಡಿಗೊರಿಯ ಮನೆಯಲ್ಲಿ ಮಕ್ಕಳಿಗೂ ಗೊತ್ತಿತ್ತು: ಸೈಲಸ್‌ನ ತಮ್ಮ ಜೇಬೆಜ್. ಇನಾಮು ತೆಗೆದುಕೊಂಡು ಮೂರೇ ತಿಂಗಳಲ್ಲಿ ಕ್ವೀನ್ಸ್‌ಲ್ಯಾಂಡಿಗೆ ಓಡಿಹೋದ ಜೇಬೆಜ್. ಆಮೇಲೆ ಅವನ ಹೆಸರನ್ನು ಯಾರೂ ಎತ್ತಲಿಲ್ಲ.

ಶನಿವಾರ ಹತ್ತು ಗಂಟೆಗೆ ಗಂಡಹೆಂಡಿರು ಫ್ಲಾಸ್ಕಿನಲ್ಲಿ ಟೀ, ಉಪ್ಪುಮಾಂಸದ ಸ್ಯಾಂಡ್‌ವಿಚ್ ಹಿಡಿದು ಅರ್ಧ ಗೋಡೆಯ ಮೇಲೆ ಕೂತರು. ಡಬ್ಬಿ ಹುಡುಕಿದರು, ಸಿಗಲಿಲ್ಲ. ಹನ್ನೊಂದೂವರೆಯ ಹೊತ್ತಿಗೆ ದಾರಿಯಲ್ಲಿ ಒಬ್ಬ ಕಾಣಿಸಿಕೊಂಡ. ಬಿಸಿಲಿಗೆ ಒಣಗಿದ ಮುಖ, ಎಪ್ಪತ್ತರ ಆಸುಪಾಸು, ಚಳಿಗಾಲದಲ್ಲೂ ಚಡ್ಡಿ, ಒಂದು ಕೈಯಲ್ಲಿ ಊರುಗೋಲು. ಇನ್ನೊಂದು ಕೈಯಲ್ಲಿ ಫೋನನ್ನು ಮಾರುದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ನಮಸ್ಕಾರ," ಎಂದ ಅವನು. "ಇದ್ರಲ್ಲಿ ಏನು ಬರ್ದಿದೆ ಸ್ವಲ್ಪ ಓದಿ ಹೇಳ್ತೀರಾ? ನನ್ನ ಕನ್ನಡಕ ಎಲ್ಲೋ ಬಿಟ್ಟೆ."

ಡಿಗೊರಿ ಎದ್ದುನಿಂತ. ಜೇಬಿನಿಂದ ಗೂಡು ತೆಗೆದು ಚಾಚಿದ. "ನಿಮ್ಮ ಹೆಸರೇನು?"

ಬಂದವನು ಗೂಡು ನೋಡಿದ, ಇವನನ್ನು ನೋಡಿದ. "ಡಿಗೊರಿ ಟ್ರೆಗಾಸ್ಕಿಸ್," ಎಂದ. "ನಿಮ್ಮದು?"

ಥೆಲ್ಮಾಳೇ ಹೇಳಿದಳು: "ಅವನದೂ ಅದೇ."

ಬಂದವನು ಊರುಗೋಲಿಗೆ ಆತು ಧೊಪ್ಪನೆ ಗೋಡೆಯ ಮೇಲೆ ಕೂತ. "ಹಾಗಾದ್ರೆ ಮೊದಲೆರಡು ಡಬ್ಬೀಲಿ ಇದ್ದದ್ದು ನೀವಾ! ದೇವರೇ! ನನ್ನ ಹೆಸರು ನನಗಿಂತ ಮುಂಚೆ ಬರ್ದಿದೆ. ಯಾವಾಗ ಬಂದೆ ನಾನು ಇಲ್ಲಿಗೆ ಅಂತ ತಲೆ ಕೆಟ್ಟುಹೋಯ್ತು. ಹೆಂಡತಿ ತೀರಿಕೊಂಡ ಮೇಲೆ ಹೇಗೂ ಒಂದೊಂದು ಮರೆತು ಹೋಗ್ತಿತ್ತು, ಇದೂ ಶುರುವಾಯ್ತಲ್ಲಪ್ಪಾ ಅಂತ ಹೆದರಿಬಿಟ್ಟೆ. ಆಮೇಲೆ ಸೊಂಟ ಹಿಡ್ಕೊಂಡು ಮೂರು ದಿನ ಕ್ಯಾರವಾನಲ್ಲೇ ಬಿದ್ಕೊಂಡಿದ್ದೆ."

"ನಾನು ಡಾಕ್ಟರ್ ಹತ್ರ ಹೋಗಿ ನೂರರಿಂದ ಎರಡರವರೆಗೆ ಎಣಿಸಿ ಬಂದೆ!" ಎಂದ ಡಿಗೊರಿ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಥೆಲ್ಮಾ ಟೀ ಬಗ್ಗಿಸಿಕೊಟ್ಟಳು.

ಬಂದವನು ಕ್ವೀನ್ಸ್‌ಲ್ಯಾಂಡಿನ ಚಾರ್ಟರ್ಸ್ ಟವರ್ಸ್‌ನವನು, ರೈಲ್ವೆಯಲ್ಲಿದ್ದು ನಿವೃತ್ತನಾದವನು. ಅವರ ಮನೆಯಲ್ಲೂ ಕಾರ್ನ್‌ವಾಲಿನಿಂದ ಮೊದಲು ಬಂದ ಹಿರೀಕ ಡಿಗೊರಿಯ ಹೆಸರನ್ನು ಮಕ್ಕಳಿಗೆ ಇಡುತ್ತಾ ಬಂದಿದ್ದರು. "ನಮ್ಮ ಮುತ್ತಜ್ಜ ಇದ್ದ ಗುಡಿಸಲು ಒಂದ್ಸಲ ನೋಡಬೇಕು ಅಂತ ಆಸೆಯಿತ್ತು," ಎಂದ ಅವನು. "ಜೇಬೆಜ್ ಅಂತ."

ನಗು ಡಿಗೊರಿಯ ಮುಖದಲ್ಲೇ ಸಿಕ್ಕಿಕೊಂಡಿತು. ಅಂದರೆ ಇವನು ದಾಯಾದಿ. ಓಡಿಹೋದವನ ಮರಿಮೊಮ್ಮಗ. ಪಾಪ, ಇವನದೇನು ತಪ್ಪು ಎಂದುಕೊಂಡು ಉದಾರವಾಗಿ ಹೇಳಿದ: "ಆದದ್ದು ಆಗಿಹೋಯ್ತು. ಅದನ್ನೆಲ್ಲ ಈಗ ನಾವ್ಯಾರೂ ಮನಸ್ಸಲ್ಲಿಟ್ಟುಕೊಂಡಿಲ್ಲ."

"ಅದೇ ನಾನೂ ಹೇಳೋಣ ಅಂತಿದ್ದೆ," ಎಂದ ಕ್ವೀನ್ಸ್‌ಲ್ಯಾಂಡಿನವನು ಅಷ್ಟೇ ಉದಾರವಾಗಿ. "ನಿಮ್ಮ ಸೈಲಸ್ ಮಾಡಿದ್ದಕ್ಕೆ ನಿಮ್ಮನ್ನು ಅನ್ನೋದು ಸರಿಯಲ್ಲ."

"ಸೈಲಸ್ ಏನು ಮಾಡಿದ?"

"ಪೊಲೀಸರಿಗೆ ಹೇಳಿದ್ದು."

ಡಿಗೊರಿ ಟೀ ಲೋಟವನ್ನು ಗೋಡೆಯ ಮೇಲೆ ಕುಕ್ಕಿದ.

"ಸೈಲಸ್ ಊಟ ಹಾಕಿದವನು ಕಣಯ್ಯಾ!" ಡಿಗೊರಿ ಫಲಕದ ಕಡೆ ಕೈ ಚಾಚಿದ. "ಬರ್ದಿದೆ ನೋಡು!"

"ಬರೆದವರು ಯಾರು?"

ಡಿಗೊರಿ ಫಲಕಕ್ಕೆ ಬೆನ್ನು ತಿರುಗಿಸಿದ. "ಮೂರು ತಿಂಗಳಲ್ಲಿ ಊರು ಬಿಟ್ಟು ಓಡಿದ್ದು ನಿಮ್ಮವನು. ತಪ್ಪು ಮಾಡದವನು ಯಾಕೆ ಓಡ್ತಾನೆ?"

"ಊಟ ಹಾಕಿದ್ದಕ್ಕೆ ಪೊಲೀಸರು ಬೆನ್ನು ಹತ್ತಿದ್ರು, ಅದಕ್ಕೇ ಓಡಿದ. ಒಂದು ಪಾತ್ರೆ, ಒಂದು ಕಂಬಳಿ ಅಷ್ಟೇ ಹಿಡ್ಕೊಂಡು. ನನಗೆ ಇದು ಹೇಳು: ಡರ್ಮಡಿಗಳಿಗೆ ಸಹಾಯ ಮಾಡಿದೋರಿಗೆ ಸರ್ಕಾರ ಒಂದು ಗೇಣು ಜಮೀನೂ ಕೊಡ್ಲಿಲ್ಲ ಅಂತಾರಲ್ಲ, ಮರುವರ್ಷವೇ ಈ ನಲವತ್ತೆಕರೆ ನಿಮ್ಮ ಸೈಲಸ್ ಹೆಸರಿಗೆ ಹೇಗೆ ಬಂತು?"

ಆ ನಲವತ್ತೆಕರೆಯ ಹಳೇ ಪತ್ರ ಡಿಗೊರಿಯ ಮನೆಯ ಗೋಡೆಯಲ್ಲೇ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ತಾರೀಖನ್ನು ಅವನು ಎಷ್ಟೋ ಸಲ ಓದಿದ್ದ. ಅದು ಯಾಕೆ ಬಂತೆಂದು ಎಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಹೇಳಲು ಏನಾದರೂ ಸಿಗುತ್ತದೇನೋ ಎಂದು ಗೋಡೆ, ಒಲೆಗೂಡು, ಬೆಟ್ಟ ಎಲ್ಲವನ್ನೂ ನೋಡಿದ. ಏನೂ ಸಿಗಲಿಲ್ಲ.

"ಸಿಕ್ತು!" ಎಂದು ಥೆಲ್ಮಾ ಒಲೆಗೂಡಿನೊಳಗಿಂದ ಕೂಗಿದಳು. ಇಬ್ಬರೂ ಕಾದಾಡುತ್ತಿರುವಾಗ ಅವಳು ಮೊಣಕಾಲೂರಿ ಹುಡುಕುತ್ತಿದ್ದಳು. ಕಪ್ಪುಮಸಿ ಹಿಡಿದ ಕೈಯಲ್ಲಿ ಡಬ್ಬಿ. ಅವರು ಹತ್ತಿರ ಹೋಗುವಷ್ಟರಲ್ಲಿ ಕಾಗದದಲ್ಲಿ ತನ್ನ ಹೆಸರು ಬರೆದು ಮುಗಿಸಿದ್ದಳು. "ನೀವಿಬ್ಬರೂ ಕೆಳಗೆ ಬರೀರಿ. ಯಾರು ಮೊದಲು ಅಂತ ಇಲ್ಲೂ ಜಗಳ ಶುರು ಮಾಡ್ಬೇಡಿ."

ಅವನನ್ನು ಮನೆಗೆ ಊಟಕ್ಕೆ ಕರೆದವಳೂ ಅವಳೇ. ಕುರಿಮಾಂಸ, ಬೇಯಿಸಿದ ಕುಂಬಳ, ಬಟಾಣಿ. ಅವಳು "ಡಿಗ್, ಉಪ್ಪು ಕೊಡು" ಎಂದಾಗಲೆಲ್ಲ ಇಬ್ಬರೂ ಕೈ ಚಾಚಿದರು. ಮಂಡಿ, ಸೊಂಟ, ರೈಲು, ಮೀಟರು ಎಲ್ಲ ಮಾತಾಡಿದರು. ಗೋಡೆಯ ಮೇಲಿನ ಜಮೀನು ಪತ್ರದ ಕಡೆ ಇಬ್ಬರೂ ನೋಡಲಿಲ್ಲ. ಅತಿಥಿ ಹೋದ ಮೇಲೆ ಡಿಗೊರಿ ಅದನ್ನು ಗೋಡೆಯಿಂದ ಇಳಿಸಿ, ಕೈಯಲ್ಲಿ ಹಿಡಿದು ನಿಂತು, ಮತ್ತೆ ಅಲ್ಲೇ ತೂಗುಹಾಕಿದ.

"ಥೆಲ್, ನಾವು ಯಾರ ಕಡೆಯವರು?"

"ನನ್ನನ್ನೇನು ಕೇಳ್ತೀಯ? ನಾನು ಮದುವೆಯಾಗಿದ್ದು ನಿನ್ನನ್ನ, ಸೈಲಸ್‌ನ ಅಲ್ಲ," ಎಂದು ಅವಳು ತಟ್ಟೆ ತೊಳೆಯುತ್ತಲೇ ಹೇಳಿದಳು. ಆ ಉತ್ತರ ಅವನಿಗೆ ಸಾಲಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಕ್ಯಾರವಾನ್ ಪಾರ್ಕಿಗೆ ಹೋದಾಗ ದಾಯಾದಿ ಹೊರಡುವ ತಯಾರಿಯಲ್ಲಿದ್ದ. ಇಬ್ಬರ ಮುಖವೂ ನಿದ್ದೆಯಿಲ್ಲದೆ ಊದಿತ್ತು.

"ನೋಡಯ್ಯಾ," ಎಂದ ಡಿಗೊರಿ, "ಯೋಚನೆ ಮಾಡಿದೆ. ನಮ್ಮವನೇ ಹೇಳಿರಬಹುದು. ಆ ಜಮೀನು... ನನಗೂ ಬೇರೆ ಕಾರಣ ಹೊಳೀತಿಲ್ಲ."

"ಇಲ್ಲ ಇಲ್ಲ," ದಾಯಾದಿ ತಲೆಯಾಡಿಸಿದ. "ನಾನೂ ಅದನ್ನೇ ಹೇಳೋಣ ಅಂತಿದ್ದೆ. ಕಂಬಳಿ, ಪಾತ್ರೆ ಹಿಡ್ಕೊಂಡು ಹೋದವನು ಅಂತ ಅಪ್ಪ ಹೇಳ್ತಿದ್ರು ನಿಜ. ಆದರೆ ಅಲ್ಲಿಗೆ ಹೋದ ವರ್ಷವೇ ಗಣಿಯಲ್ಲಿ ಪಾಲು ತಗೊಂಡ ಅಂತಾನೂ ಅವರೇ ಹೇಳ್ತಿದ್ರು. ಎರಡೂ ಒಟ್ಟಿಗೆ ಹೇಗೆ ಅಂತ ನಾನು ಕೇಳಿರಲೇ ಇಲ್ಲ. ನಮ್ಮವನೇ ಇರಬೇಕು."

"ಜಮೀನಿನ ಮಾತು ನೀನೇ ಎತ್ತಿದ್ದಲ್ವಾ?"

"ನಮ್ಮವನು ಓಡಿದ್ದು ಯಾಕೆ ಅಂತ ನೀನು ಕೇಳಿದ್ಯಲ್ಲ!"

ಸುಮಾರು ಹೊತ್ತು ಇಬ್ಬರೂ ತಮ್ಮ ತಮ್ಮ ಮುತ್ತಜ್ಜನನ್ನೇ ಹಿಡಿದುಕೊಡುತ್ತಾ ವಾದಿಸಿದರು. ಇಬ್ಬರೂ ಸೇರಿಯೇ ಹೇಳಿದರೇನೋ ಎಂಬ ಮಾತೂ ಬಂತು. ಅದನ್ನು ಆಡಿದವರು ಯಾರೆಂದು ಆಮೇಲೆ ಇಬ್ಬರಿಗೂ ನೆನಪಾಗಲಿಲ್ಲ. ಕೊನೆಗೆ ದಾಯಾದಿ ಕೈಕುಲುಕಿ, ಕನ್ನಡಕ ಹಾಕಿಕೊಂಡು, ಕಾರಿನ ಹಿಂದೆ ಕ್ಯಾರವಾನ್ ಎಳೆಯುತ್ತಾ ಉತ್ತರದ ದಾರಿ ಹಿಡಿದ.

ಡಿಗೊರಿ ಸೋಮವಾರವೇ ಪುರಸಭೆಗೆ ಪತ್ರ ಬರೆದ. ಗುಡಿಸಲಿನ ಫಲಕದಲ್ಲಿ ತಪ್ಪಿರಬಹುದು, ಬದಲಾಯಿಸಬೇಕು ಎಂದು. ಸರಿಯಾದ ಮಾತುಗಳನ್ನು ಬರೆದು ಕಳಿಸಿ, ಬದಲಾಯಿಸುತ್ತೇವೆ ಎಂದು ಅವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಆಮೇಲೆ ಪ್ರತಿ ಭಾನುವಾರ ಊಟವಾದ ಮೇಲೆ ಅವನು ಚಾರ್ಟರ್ಸ್ ಟವರ್ಸ್‌ಗೆ ಫೋನ್ ಮಾಡತೊಡಗಿದ. ಇಬ್ಬರೂ ಸೇರಿ ಫಲಕಕ್ಕೆಂದು ಒಂದು ವಾಕ್ಯ ಬರೆಯುತ್ತಾರೆ, ಹೊಡೆದುಹಾಕುತ್ತಾರೆ. 'ಇಬ್ಬರು ಸೋದರರಲ್ಲಿ ಒಬ್ಬನು' ಎಂಬಲ್ಲಿಯವರೆಗೆ ಇಬ್ಬರಿಗೂ ಒಪ್ಪಿಗೆಯಿದೆ. ಅದರ ಮುಂದಿನದು ಇನ್ನೂ ಆಗಿಲ್ಲ.